ಟ್ಯಾಟೂ, ಪಿಯರ್ಸಿಂಗ್: ಈಗಲೇ ಬೇಕಾ, ಸ್ವಲ್ಪ ಕಾಯಬಹುದಾ?

ಹದಿನಾರು ಹದಿನೇಳರ ವಯಸ್ಸಿನಲ್ಲಿ ಮೈಮೇಲೆ ಒಂದು ಟ್ಯಾಟೂ ಬೇಕು, ಹುಬ್ಬಿಗೋ ಮೂಗಿಗೋ ಒಂದು ರಿಂಗ್ ಬೇಕು ಅನ್ನಿಸಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಮೈ ಚುಚ್ಚಿಸಿಕೊಂಡು ಗುರುತು ಹಾಕಿಸಿಕೊಳ್ಳುವ ಆಸೆ ಮನುಷ್ಯನಿಗೆ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಈಗ ಓಟ್ಜಿ ಎಂದು ಕರೆಯುವ ಮನುಷ್ಯನ ದೇಹಕ್ಕೆ ಸುಮಾರು 5,300 ವರ್ಷ. ಅವನ ಚರ್ಮದ ಮೇಲೆ 61 ಹಚ್ಚೆ ಗುರುತುಗಳಿವೆ. ಹಾಗಾಗಿ 'ಈಗಿನ ಮಕ್ಕಳಿಗೆ ಇದೆಂಥ ಹುಚ್ಚು' ಅನ್ನುವ ಮಾತನ್ನು ಪಕ್ಕಕ್ಕಿಡೋಣ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಮನೆಯಲ್ಲಿ ಈ ವಿಷಯ ಬಂದಾಗ ಒಂದು ಕಡೆಯಿಂದ 'ಬೇಕೇ ಬೇಕು' ಅಂತ ಹಟ, ಇನ್ನೊಂದು ಕಡೆಯಿಂದ 'ಆ ಮಾತೇ ಎತ್ತಬೇಡ' ಅಂತ ಗದರಿಕೆ. ಈ ಜಗ್ಗಾಟದಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಕಳೆದೇ ಹೋಗುತ್ತದೆ. ಮುಂದೆ ಬೇಡ ಅನ್ನಿಸಿದರೆ ಇದರಿಂದ ಹಿಂದಕ್ಕೆ ಬರಲು ಆಗುತ್ತದಾ? ಕಿವಿಯ ಹಾಲೆಗೆ ಒಂದು ತೂತು, ಕಿವಿಯ ಮೇಲಿನ ಗಟ್ಟಿ ಭಾಗಕ್ಕೆ ಒಂದು ತೂತು, ನಾಲಿಗೆಗೆ ಒಂದು ಸ್ಟಡ್, ಮುಂಗೈ ಮೇಲೆ ಒಂದು ಟ್ಯಾಟೂ. ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಇವು ನಾಲ್ಕೂ ಬೇರೆ ಬೇರೆ ತೂಕದ ನಿರ್ಧಾರಗಳು. ಹಾಲೆಯ ತೂತು ಬೇಡವಾದರೆ ಓಲೆ ತೆಗೆದಿಟ್ಟರೆ ಸಾಕು, ಕಾಲ ಕಳೆದಂತೆ ಅದು ಒಂದು ಚುಕ್ಕೆಯಷ್ಟಾಗುತ್ತದೆ. ಟ್ಯಾಟೂ ಹಾಗಲ್ಲ. ನಾನು ಇಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ಹಿಂದಕ್ಕೆ ಬರುವುದು ಎಷ್ಟು ಕಷ್ಟವೋ, ಹಾಕಿಸಿಕೊಳ್ಳುವ ಮುಂಚೆ ಅಷ್ಟು ಹೆಚ್ಚು ಕಾಯಬೇಕು. ಚಿಕ್ಕ ವಯಸ್ಸಿನವರಿಗಂತೂ ಈ ಲೆಕ್ಕ ಬಹಳ ಮುಖ್ಯ.

ಬಣ್ಣ ಚರ್ಮದಲ್ಲಿ ಹೇಗೆ ಉಳಿಯುತ್ತದೆ

ನಮ್ಮ ಚರ್ಮದ ಮೇಲ್ಪದರ ಸುಮ್ನೆ ಕೂತಿರುವುದಿಲ್ಲ. ಸರಿಸುಮಾರು ತಿಂಗಳಿಗೊಮ್ಮೆ ಹಳೆಯದು ಉದುರಿ ಹೊಸದು ಬರುತ್ತಿರುತ್ತದೆ. ಕೈಮೇಲೆ ಪೆನ್ನಿನಿಂದ ಬರೆದದ್ದು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಟ್ಯಾಟೂ ಸೂಜಿ ಆ ಮೇಲ್ಪದರವನ್ನು ದಾಟಿ ಕೆಳಗಿನ ಪದರಕ್ಕೆ, ಅಂದರೆ ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ, ಬಣ್ಣವನ್ನು ಇಳಿಸುತ್ತದೆ. ಆ ಪದರದಲ್ಲಿ ರಕ್ತನಾಳಗಳಿವೆ, ನರಗಳಿವೆ. ಮೇಲ್ಪದರದಂತೆ ಅದು ಉದುರಿ ಹೋಗುವುದಿಲ್ಲ.

ಬಣ್ಣ ಒಳಗೆ ಹೋದ ಕೂಡಲೇ ದೇಹ ಅದನ್ನು ಹೊರಗಿನಿಂದ ನುಗ್ಗಿದ ವಸ್ತು ಎಂದೇ ನೋಡುತ್ತದೆ. ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಓಡಿ ಬಂದು ಬಣ್ಣದ ಕಣಗಳನ್ನು ನುಂಗುತ್ತವೆ. ರೋಗಾಣುಗಳನ್ನು ನುಂಗಿ ಕರಗಿಸುವುದು ಇವುಗಳ ದಿನನಿತ್ಯದ ಕೆಲಸ. ಆದರೆ ಟ್ಯಾಟೂ ಬಣ್ಣ ಕರಗುವುದಿಲ್ಲ. ನುಂಗಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಜೀವಕೋಶಗಳು ಅಲ್ಲೇ ಕೂರುತ್ತವೆ. ಹಾಗಾದರೆ ಅವು ಸತ್ತಾಗ ಬಣ್ಣ ಮಾಯವಾಗಬೇಕಲ್ವಾ? 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇದನ್ನೇ ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಬಣ್ಣ ಹಿಡಿದಿದ್ದ ಜೀವಕೋಶಗಳನ್ನು ಅವರು ಬೇಕೆಂದೇ ಸಾಯಿಸಿದರು. ಟ್ಯಾಟೂ ಮಾತ್ರ ಇದ್ದ ಹಾಗೇ ಇತ್ತು. ಸತ್ತ ಜೀವಕೋಶ ಬಿಟ್ಟ ಬಣ್ಣವನ್ನು ಪಕ್ಕದಲ್ಲಿ ಹೊಸದಾಗಿ ಬಂದ ಜೀವಕೋಶ ನುಂಗಿತ್ತು. ಒಬ್ಬ ಕಾವಲುಗಾರ ಕೆಲಸ ಬಿಟ್ಟು ಹೋದರೆ ಇನ್ನೊಬ್ಬ ಬಂದು ಅದೇ ಬೀಗದ ಕೈ ಇಸಿದುಕೊಂಡಂತೆ. ಅಂದರೆ ಟ್ಯಾಟೂವನ್ನು ನಮ್ಮ ದೇಹವೇ ಜೀವನಪೂರ್ತಿ ಕೈಯಿಂದ ಕೈಗೆ ದಾಟಿಸುತ್ತಾ ಕಾಪಾಡುತ್ತಿರುತ್ತದೆ.

ಎಲ್ಲ ಬಣ್ಣವೂ ಚರ್ಮದಲ್ಲೇ ನಿಲ್ಲುವುದಿಲ್ಲ. ಸ್ವಲ್ಪ ಭಾಗ ಹತ್ತಿರದ ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್, ಅಂದರೆ ಕಂಕುಳು, ಕುತ್ತಿಗೆಯಂಥ ಕಡೆ ಇರುವ, ಸೋಂಕಿನ ವಿರುದ್ಧ ಹೋರಾಡುವ ಪುಟ್ಟ ಗಂಟುಗಳು) ಸಾಗುತ್ತದೆ. ಜರ್ಮನಿಯ ಸಂಶೋಧಕರು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಎಕ್ಸ್‌-ರೇ ಸಂಶೋಧನಾ ಕೇಂದ್ರದ ಜೊತೆ ಸೇರಿ 2017ರಲ್ಲಿ ಇದನ್ನು ಕಣಗಳ ಮಟ್ಟದಲ್ಲಿ ತೋರಿಸಿದರು. ಹಾಗಾಗಿ ಬಣ್ಣದಲ್ಲಿ ಏನಿದೆ ಎನ್ನುವುದು ಸಣ್ಣ ವಿಷಯವಲ್ಲ. ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಟ್ಯಾಟೂ ಬಣ್ಣಗಳಲ್ಲಿ ಬಳಸುವ ಸಾವಿರಾರು ರಾಸಾಯನಿಕಗಳ ಮೇಲೆ ನಿರ್ಬಂಧ ಹಾಕಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಅಲಂಕಾರಕ್ಕಾಗಿ ಚರ್ಮದೊಳಗೆ ಚುಚ್ಚಲು ಯಾವ ಬಣ್ಣಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಬಾಟಲಿ ಮೇಲೆ ಚೆಂದದ ಲೇಬಲ್ ಇದೆ ಎಂದಮಾತ್ರಕ್ಕೆ ಯಾರೋ ಪರೀಕ್ಷಿಸಿ ಸೈ ಅಂದಿದ್ದಾರೆ ಎಂದುಕೊಳ್ಳಬೇಡಿ. ಅಲರ್ಜಿಯ ವಿಷಯದಲ್ಲಿ ಹೆಚ್ಚು ತೊಂದರೆ ಕೊಡುವುದು ಕೆಂಪು ಬಣ್ಣ. ಕೆಲವರಿಗೆ ಟ್ಯಾಟೂ ಹಾಕಿಸಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಂಪು ಇರುವ ಗೆರೆ ಮಾತ್ರ ಉಬ್ಬಿ ತುರಿಸಲು ಶುರುವಾಗುತ್ತದೆ.

'ಬೇಡ ಅಂದ್ರೆ ಲೇಸರ್ ಇದೆಯಲ್ಲ'

ಇದ್ದೇ ಇದೆ. ಆದರೆ ಅದು ರಬ್ಬರ್ ಹಿಡಿದು ಅಳಿಸುವಷ್ಟು ಸುಲಭ ಅಂತ ನಂಬಿಸಿದವರು ನಿಮಗೆ ಅರ್ಧ ಕಥೆ ಮಾತ್ರ ಹೇಳಿದ್ದಾರೆ. ಲೇಸರ್ ಕಿರಣ ಬಣ್ಣದ ಕಣಗಳನ್ನು ಒಡೆದು ಪುಡಿ ಮಾಡುತ್ತದೆ. ಆ ಪುಡಿಯನ್ನು ದೇಹ ನಿಧಾನವಾಗಿ ಸಾಗಿಸಬೇಕು. ಅದಕ್ಕೇ ಒಂದು ಸಲದ ಲೇಸರ್‌ಗೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡುತ್ತಾರೆ. ಒಂದೆರಡು ಸಲಕ್ಕೆ ಮುಗಿಯುವುದೂ ಅಪರೂಪ. ಒಟ್ಟಾರೆ ವರ್ಷ ಹಿಡಿಯುವುದು ಸಾಮಾನ್ಯ, ಎರಡು ವರ್ಷ ಆದರೂ ಆಶ್ಚರ್ಯವಿಲ್ಲ. ನೋವೂ ಇದೆ. ಹಾಕಿಸುವುದಕ್ಕೆ ಕೊಟ್ಟದ್ದಕ್ಕಿಂತ ತೆಗೆಸುವುದಕ್ಕೆ ಕೊಡುವ ದುಡ್ಡೇ ಸಾಮಾನ್ಯವಾಗಿ ಜಾಸ್ತಿ.

ಬಣ್ಣದಿಂದ ಬಣ್ಣಕ್ಕೆ ಫಲಿತಾಂಶವೂ ಬೇರೆ. ಕಪ್ಪು ಲೇಸರ್ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಬೇಗ ಒಡೆಯುತ್ತದೆ. ಹಳದಿ, ಹಸಿರು, ತಿಳಿ ನೀಲಿ ಹಟಮಾರಿಗಳು. ಬಿಳಿ ಮತ್ತು ಚರ್ಮದ ಬಣ್ಣದ ಇಂಕ್‌ಗಳಲ್ಲಿ ಇನ್ನೊಂದು ಅಪಾಯವಿದೆ. ಅವುಗಳಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ಕಬ್ಬಿಣದ ಆಕ್ಸೈಡ್‌ನಂಥ ವಸ್ತುಗಳು ಲೇಸರ್ ಬಿದ್ದಾಗ ಕಪ್ಪಾಗಿಬಿಡಬಹುದು. ಕಾಣಬಾರದು ಅಂತ ತೆಗೆಸಲು ಹೋದದ್ದು ಇನ್ನಷ್ಟು ಎದ್ದು ಕಾಣುತ್ತದೆ.

ಕಂದು ಅಥವಾ ಕಪ್ಪು ಮೈಬಣ್ಣದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಲೇಸರ್ ಬೆಳಕನ್ನು ಹೀರುತ್ತದೆ. ಆಗ ಟ್ಯಾಟೂ ಇದ್ದ ಜಾಗದಲ್ಲಿ ಬಿಳಿಚಿದ ಅಥವಾ ಕಪ್ಪಗಾದ ಕಲೆ ಉಳಿಯಬಹುದು. ಸರಿಯಾದ ಯಂತ್ರ ಇರುವ, ಅನುಭವ ಇರುವ ಚರ್ಮವೈದ್ಯರ ಹತ್ತಿರ ಈ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಲೇಸರ್ ಇದೆ ಎನ್ನುವ ಧೈರ್ಯದ ಮೇಲೆ ಟ್ಯಾಟೂ ಹಾಕಿಸಿಕೊಳ್ಳಲು ಹೊರಟಿದ್ದರೆ, ಆ ಟ್ಯಾಟೂ ಬಗ್ಗೆ ನಿಮಗೇ ಇನ್ನೂ ಪೂರ್ತಿ ಮನಸ್ಸಿಲ್ಲ ಅಂತಲೇ ನಾನು ಹೇಳುತ್ತೇನೆ.

ನಾಳೆಯ ನಾನು ಇವತ್ತಿನಂತೆಯೇ ಇರ್ತೀನಾ?

'ನಾನು ಚಿಕ್ಕವಳಲ್ಲ, ನನಗೇನು ಬೇಕು ಅಂತ ಗೊತ್ತು.' ಈ ಮಾತು ಸುಳ್ಳಲ್ಲ. ಇವತ್ತು ಏನು ಬೇಕು ಎಂದು ಹದಿನೇಳರ ಹುಡುಗಿಗೆ ಖಂಡಿತ ಗೊತ್ತಿರುತ್ತದೆ. ಮುಂದೆ ಏನು ಬೇಕಾಗುತ್ತದೆ ಎನ್ನುವುದರಲ್ಲೇ ಎಲ್ಲರೂ ಎಡವುವುದು. ಎಲ್ಲರೂ ಅಂದರೆ ದೊಡ್ಡವರೂ ಸೇರಿ.

2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್ ಮತ್ತು ತಿಮೋಥಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು ಅವರು ಮಾತಾಡಿಸಿದ್ದರು. ಕೆಲವರನ್ನು, ಕಳೆದ ಹತ್ತು ವರ್ಷದಲ್ಲಿ ನಿಮ್ಮ ಸ್ವಭಾವ, ಇಷ್ಟಾನಿಷ್ಟ ಎಷ್ಟು ಬದಲಾಗಿದೆ ಎಂದು ಕೇಳಿದರು. ಇನ್ನು ಕೆಲವರನ್ನು, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗಬಹುದು ಎಂದು ಕೇಳಿದರು. ಎಲ್ಲ ವಯಸ್ಸಿನಲ್ಲೂ ಉತ್ತರ ಒಂದೇ ರೀತಿ ಬಂತು. ಹಿಂದೆ ತುಂಬಾ ಬದಲಾಗಿದ್ದೇನೆ, ಇನ್ನು ಮುಂದೆ ಅಷ್ಟೇನೂ ಬದಲಾಗುವುದಿಲ್ಲ. ಮೂವತ್ತರವರೂ ಹೀಗೇ ಅಂದರು, ಐವತ್ತರವರೂ ಹೀಗೇ ಅಂದರು. ಆದರೆ ಮೂವತ್ತರವರು ಮುಂದೆ ಆಗಬಹುದು ಎಂದುಕೊಂಡ ಬದಲಾವಣೆಗಿಂತ ನಲವತ್ತರವರು ಕಂಡ ಬದಲಾವಣೆ ಹೆಚ್ಚೇ ಇತ್ತು. ಚಿಕ್ಕ ವಯಸ್ಸಿನವರಲ್ಲಿ ಈ ಅಂತರ ಇನ್ನೂ ದೊಡ್ಡದು.

ಹದಿಹರೆಯದಲ್ಲಿ ಇದರ ಜೊತೆ ಇನ್ನೊಂದೂ ಸೇರುತ್ತದೆ. ಮುಂದಿನ ಪರಿಣಾಮವನ್ನು ತೂಗಿ ನೋಡುವ, ಆವೇಶವನ್ನು ತಡೆದು ಹಿಡಿಯುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ, ಸುಮಾರು ಇಪ್ಪತ್ತೈದರವರೆಗೆ, ಬೆಳೆಯುತ್ತಲೇ ಇರುತ್ತದೆ. ಹಾಗಂತ ಹದಿಹರೆಯದವರಿಗೆ ಬುದ್ಧಿ ಇಲ್ಲ ಎಂದಲ್ಲ. ಶಾಂತವಾಗಿ ಕೂತು ಯೋಚಿಸಿದಾಗ ಅವರೂ ಚೆನ್ನಾಗಿಯೇ ನಿರ್ಧರಿಸುತ್ತಾರೆ. ಆದರೆ ಗೆಳೆಯರ ಗುಂಪಿನ ನಡುವೆ, ಸಂಭ್ರಮದಲ್ಲಿ, ಸಿಟ್ಟಿನಲ್ಲಿ, ಪ್ರೀತಿ ಮುರಿದು ಬಿದ್ದ ವಾರದಲ್ಲಿ ಆ ತೂಕ ತಪ್ಪುವುದು ಸುಲಭ. ಟ್ಯಾಟೂ ಅಂಗಡಿಯ ಬಾಗಿಲು ತಟ್ಟುವುದೂ ಬಹಳ ಸಲ ಇಂಥ ಹೊತ್ತಿನಲ್ಲೇ.

ಪಶ್ಚಾತ್ತಾಪದ ಲೆಕ್ಕವನ್ನೂ ಪ್ರಾಮಾಣಿಕವಾಗಿ ನೋಡೋಣ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅಲ್ಲಿನ ವಯಸ್ಕರಲ್ಲಿ ಶೇಕಡಾ 32 ಮಂದಿ ತಮಗೆ ಟ್ಯಾಟೂ ಇದೆ ಅಂದರು. ಅವರಲ್ಲಿ ಶೇಕಡಾ 24 ಮಂದಿ, ಹಾಕಿಸಿಕೊಂಡವುಗಳಲ್ಲಿ ಒಂದಾದರೂ ಬೇಡವಾಗಿತ್ತು ಅಂದರು. ಎಲ್ಲರೂ ಪಶ್ಚಾತ್ತಾಪ ಪಡುತ್ತಾರೆ ಎಂದು ಹೆದರಿಸುವ ದೊಡ್ಡವರ ಮಾತೂ ಸರಿಯಲ್ಲ, ಯಾರಿಗೂ ಹಾಗಾಗುವುದಿಲ್ಲ ಎನ್ನುವ ಗೆಳೆಯರ ಮಾತೂ ಸರಿಯಲ್ಲ. ನಾಲ್ವರಲ್ಲಿ ಮೂವರು ಸಂತೋಷವಾಗಿಯೇ ಇದ್ದಾರೆ. ಆ ಮೂವರಲ್ಲಿ ನೀವೊಬ್ಬರಾಗುವ ಸಾಧ್ಯತೆಯನ್ನು ಹೆಚ್ಚಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಸಮಯ.

ನಾನು ಹೇಳುವ ದಾರಿ ಸರಳ. ಬೇಕಾದ ಚಿತ್ರವನ್ನು ಕಾಗದದ ಮೇಲೆ ಬರೆಸಿ, ಬೇಕಾದ ಅಳತೆಯಲ್ಲೇ. ಅದನ್ನು ಫೋನಿನ ವಾಲ್‌ಪೇಪರ್ ಮಾಡಿಕೊಳ್ಳಿ, ಕನ್ನಡಿ ಪಕ್ಕ ಅಂಟಿಸಿ. ಒಂದು ವರ್ಷ ಬಿಡಿ. ನಡುವೆ ಚಿತ್ರ ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ, ಆದರೆ ಆ ದಿನದಿಂದ ವರ್ಷವನ್ನೂ ಹೊಸದಾಗಿ ಎಣಿಸಿ. ಮೂರು ತಿಂಗಳಿಗೆ ಅದನ್ನು ನೋಡಿ ಬೇಸರ ಬಂದರೆ ಉತ್ತರ ಸಿಕ್ಕಿತು, ಖರ್ಚಿಲ್ಲದೆ, ನೋವಿಲ್ಲದೆ. ವರ್ಷದ ಕೊನೆಗೂ ಅದೇ ಚಿತ್ರ, ಅದೇ ಜಾಗ ಬೇಕು ಅನ್ನಿಸಿದರೆ ಆ ಆಸೆಗೆ ಬೇರಿದೆ. ಪ್ರೀತಿಸುವವರ ಹೆಸರಿಗೆ ಮಾತ್ರ ನನ್ನ ಉತ್ತರ ನೇರ: ಹದಿಹರೆಯದಲ್ಲಿ ಹಾಕಿಸಲೇಬೇಡಿ. ಪ್ರೀತಿ ಸುಳ್ಳು ಅಂತಲ್ಲ. ಆ ವಯಸ್ಸಿನ ಸಂಬಂಧ ಬದಲಾದರೆ ಹೆಸರು ಚರ್ಮದಲ್ಲೇ ಕೂತಿರುತ್ತದೆ, ಅಷ್ಟೇ.

ಜಾಗದ ಬಗ್ಗೆಯೂ ಯೋಚಿಸಬೇಕು. ಇನ್ನೂ ಎತ್ತರವಾಗುತ್ತಿರುವ, ಮೈ ತುಂಬಿಕೊಳ್ಳುತ್ತಿರುವ ವಯಸ್ಸಿನಲ್ಲಿ ಹೊಟ್ಟೆ, ತೊಡೆ, ಸೊಂಟದ ಚರ್ಮ ಹಿಗ್ಗುತ್ತದೆ, ಚಿತ್ರವೂ ಅದರ ಜೊತೆ ಹಿಗ್ಗುತ್ತದೆ. ಸಣ್ಣ ಅಕ್ಷರ, ಕೂದಲೆಳೆಯಂಥ ಗೆರೆಗಳು ವರ್ಷಗಳಲ್ಲಿ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೆರಳು, ಅಂಗೈ, ಪಾದದ ಅಂಚಿನಲ್ಲಿ ಬಣ್ಣ ಬೇಗ ಮಾಸುತ್ತದೆ. ಬಿಸಿಲು ಎಲ್ಲ ಬಣ್ಣವನ್ನೂ ತಿನ್ನುತ್ತದೆ. ಮಚ್ಚೆ ಇರುವ ಕಡೆ ಟ್ಯಾಟೂ ಬೇಡ. ಮಚ್ಚೆಯ ಬಣ್ಣ, ಅಂಚು ಬದಲಾಗುವುದು ಚರ್ಮದ ಕ್ಯಾನ್ಸರ್‌ನ ಮೊದಲ ಸುಳಿವಾಗಿರಬಹುದು, ಟ್ಯಾಟೂ ಆ ಸುಳಿವನ್ನೇ ಮುಚ್ಚಿಬಿಡುತ್ತದೆ. ಇನ್ನು ಕೆಲಸದ ಮಾತು. ಸೇನೆ, ಪೊಲೀಸ್, ವಿಮಾನಯಾನದಂಥ ಕೆಲಸಗಳಿಗೆ ಕಣ್ಣಿಗೆ ಕಾಣುವ ಟ್ಯಾಟೂ ಬಗ್ಗೆ ಹಲವು ಕಡೆ ನಿಯಮಗಳಿವೆ. ಮುಂದೆ ಏನಾಗಬೇಕು ಎಂದು ಇನ್ನೂ ಗೊತ್ತಿಲ್ಲದಿದ್ದರೆ ಮುಖ, ಕುತ್ತಿಗೆ, ಕೈಬೆರಳುಗಳನ್ನು ಬಿಡುವುದು ಜಾಣತನ.

ತಾತ್ಕಾಲಿಕ ಟ್ಯಾಟೂ ಅಂಟಿಸಿ ನೋಡುವುದು ಒಳ್ಳೆಯ ಉಪಾಯವೇ. ಆದರೆ 'ಕಪ್ಪು ಮೆಹಂದಿ' ಎಂದು ಹಾಕುವುದರಿಂದ ದೂರ ಇರಿ. ಮೆಹಂದಿ ಸೊಪ್ಪಿನ ನಿಜವಾದ ಬಣ್ಣ ಕಿತ್ತಳೆಯಿಂದ ಕಂದು. ಕಡುಗಪ್ಪು ಬರುವಂತೆ ಮಾಡಲು ಅದಕ್ಕೆ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಬೆರೆಸುತ್ತಾರೆ. ಇದು ಕೆಲವರ ಚರ್ಮದಲ್ಲಿ ಬೊಬ್ಬೆ ಎಬ್ಬಿಸಿ, ಚಿತ್ರದ ಆಕಾರದಲ್ಲೇ ಗಾಯದ ಕಲೆ ಉಳಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಆ ಅಲರ್ಜಿ ಜೀವನಪೂರ್ತಿ ಉಳಿಯುತ್ತದೆ. ಎಷ್ಟೋ ವರ್ಷ ಕಳೆದು ಕೂದಲಿಗೆ ಬಣ್ಣ ಹಾಕಿಸಿದಾಗ ಮುಖ ಊದಿಕೊಳ್ಳಬಹುದು.

ಚುಚ್ಚಿಸಿಕೊಳ್ಳುವುದು: ಎಲ್ಲಿ ಎನ್ನುವುದೇ ಮುಖ್ಯ

ಹಿಂದಕ್ಕೆ ಬರುವ ಲೆಕ್ಕದಲ್ಲಿ ಪಿಯರ್ಸಿಂಗ್ ಟ್ಯಾಟೂಗಿಂತ ಹಗುರ. ಆದರೆ ಮಾಯುವ ಲೆಕ್ಕದಲ್ಲಿ ಕೆಲವು ಪಿಯರ್ಸಿಂಗ್‌ಗಳು ಟ್ಯಾಟೂಗಿಂತ ಎಷ್ಟೋ ಭಾರ. ಟ್ಯಾಟೂ ಮೇಲ್ಮೈ ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತದೆ. ಕಿವಿಯ ಹಾಲೆಯ ತೂತು ಮಾಯಲು ಆರರಿಂದ ಎಂಟು ವಾರ ಸಾಕು. ಮೂಗಿನ ಹೊಳ್ಳೆಗೆ ತಿಂಗಳುಗಳು ಬೇಕು. ಹೊಕ್ಕುಳು ಮತ್ತು ಕಿವಿಯ ಮೇಲ್ಭಾಗಕ್ಕೆ ಆರು ತಿಂಗಳಿಂದ ಒಂದು ವರ್ಷ. ಅಷ್ಟೂ ಕಾಲ ಅದು ತೆರೆದ ಗಾಯವೇ. ಮಲಗುವಾಗ ಆ ಬದಿಗೆ ಒತ್ತುವಂತಿಲ್ಲ, ಈಜುವಂತಿಲ್ಲ, ಬಟ್ಟೆ ಎಳೆಯುವಾಗ ನೋಡಿಕೊಳ್ಳಬೇಕು. ಆಟ ಆಡುವ, ದಿನವೂ ಹೆಲ್ಮೆಟ್ ಹಾಕುವ ಹುಡುಗರು ಹುಡುಗಿಯರು ಇದನ್ನು ಮೊದಲೇ ಯೋಚಿಸಬೇಕು.

ಕಿವಿಯ ಮೇಲ್ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಜನ ಅತಿ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. ಒಮ್ಮೆ ನಿಮ್ಮ ಕಿವಿ ಮುಟ್ಟಿ ನೋಡಿ. ಹಾಲೆ ಮೆತ್ತಗಿದೆ, ಅಲ್ಲಿ ಕೊಬ್ಬಿದೆ, ರಕ್ತ ಚೆನ್ನಾಗಿ ಹರಿಯುತ್ತದೆ. ಬೆರಳನ್ನು ಮೇಲಕ್ಕೆ ಸರಿಸಿದರೆ ಮಡಚಿದರೂ ವಾಪಸ್ ಸೆಟೆದು ನಿಲ್ಲುವ ಭಾಗ ಸಿಗುತ್ತದೆ. ಅದು ಮೃದ್ವಸ್ಥಿ, ಕಾರ್ಟಿಲೇಜ್. ಅದರೊಳಗೆ ರಕ್ತನಾಳಗಳೇ ಇಲ್ಲ. ಮೇಲೆ ಅಂಟಿಕೊಂಡಿರುವ ತೆಳು ಪೊರೆಯಿಂದಲೇ ಅದಕ್ಕೆ ಆಹಾರ, ಆಮ್ಲಜನಕ ಎಲ್ಲ ಸಿಗಬೇಕು. ಅಲ್ಲಿ ಸೋಂಕು ತಗುಲಿದರೆ ರಕ್ತದ ಮೂಲಕ ಬರಬೇಕಾದ ರಕ್ಷಣೆಯೂ, ನುಂಗಿದ ಔಷಧವೂ ನಿಧಾನವಾಗಿ ತಲುಪುತ್ತವೆ. ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿದರೆ ಪೊರೆ ಬಿಟ್ಟುಕೊಳ್ಳುತ್ತದೆ, ಆಹಾರ ತಪ್ಪಿದ ಮೃದ್ವಸ್ಥಿ ಸಾಯುತ್ತದೆ, ಕಿವಿ ಮುದುಡಿ ಆಕಾರ ಕೆಡುತ್ತದೆ. ಆಮೇಲೆ ಅದನ್ನು ಮೊದಲಿನಂತೆ ಮಾಡಲು ಶಸ್ತ್ರಚಿಕಿತ್ಸೆಯಿಂದಲೂ ಕಷ್ಟ.

2000ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹೀಗೇ ಆಗಿತ್ತು. ಒಂದೇ ಆಭರಣದ ಅಂಗಡಿಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡ ಹಲವರಿಗೆ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿತು. ಕೆಲವರ ಕಿವಿಯ ಆಕಾರವೇ ಕೆಟ್ಟಿತು. ಹುಡುಕಿದಾಗ ಗೊತ್ತಾದದ್ದು, ಚರ್ಮ ಶುಚಿ ಮಾಡಲು ಸಿಂಪಡಿಸುತ್ತಿದ್ದ ದ್ರಾವಣದ ಬಾಟಲಿಯಲ್ಲೇ ಆ ಬ್ಯಾಕ್ಟೀರಿಯಾ ಇತ್ತು.

ಮೃದ್ವಸ್ಥಿಗೆ ಗನ್ ಬೇಡ ಎಂದು ತಿಳಿದವರೆಲ್ಲ ಹೇಳುವುದಕ್ಕೆ ಕಾರಣವಿದೆ. ಪಿಯರ್ಸಿಂಗ್ ಗನ್ ಮೊಂಡಾದ ಸ್ಟಡ್‌ ಅನ್ನು ಬಲವಾಗಿ ತಳ್ಳುತ್ತದೆ. ಮೆತ್ತಗಿನ ಹಾಲೆ ಅದನ್ನು ತಾಳಿಕೊಳ್ಳಬಹುದು, ಮೃದ್ವಸ್ಥಿ ಜಜ್ಜಿ ಬಿರುಕು ಬಿಡಬಹುದು. ಜೊತೆಗೆ ಪ್ಲಾಸ್ಟಿಕ್ ಇರುವ ಗನ್‌ಗಳನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರದಲ್ಲಿ, ಇಡಲು ಆಗುವುದಿಲ್ಲ, ಕರಗುತ್ತವೆ. ಒಂದೇ ಬಾರಿಗೆ ಬಳಸಿ ಎಸೆಯುವ ಟೊಳ್ಳು ಸೂಜಿಯೇ ಸರಿ.

ನಾಲಿಗೆ ಬೇಗ ಮಾಯುತ್ತದೆ, ನಾಲ್ಕರಿಂದ ಆರು ವಾರ. ಆದರೆ ಅದರ ತೊಂದರೆ ಆಮೇಲೆ ಶುರು. ಮಾತಾಡುವಾಗ, ತಿನ್ನುವಾಗ ಲೋಹ ಹಲ್ಲಿಗೆ, ಒಸಡಿಗೆ ತಾಗುತ್ತಲೇ ಇರುತ್ತದೆ. ವರ್ಷಗಳಲ್ಲಿ ಹಲ್ಲಿನ ಚಕ್ಕೆ ಏಳುತ್ತದೆ, ಒಸಡು ಕೆಳಗೆ ಜಾರುತ್ತದೆ. ಜಾರಿದ ಒಸಡು ತಾನಾಗಿ ವಾಪಸ್ ಬೆಳೆಯುವುದಿಲ್ಲ. ಆಭರಣ ತೆಗೆದರೂ ಆದ ನಷ್ಟ ಉಳಿಯುತ್ತದೆ. ಕಿವಿಯ ಹಾಲೆಯನ್ನು ಹಿಗ್ಗಿಸುವವರಿಗೂ ಇದೇ ಮಾತು. ಒಂದು ಮಿತಿ ದಾಟಿದರೆ ಅದು ಮತ್ತೆ ಕುಗ್ಗುವುದಿಲ್ಲ, ಹೊಲಿಸಬೇಕಾಗುತ್ತದೆ.

ಲೋಹದ ಆಯ್ಕೆಯೂ ಮುಖ್ಯ. ಅಗ್ಗದ ಆಭರಣಗಳಲ್ಲಿ ನಿಕಲ್ ಇರುತ್ತದೆ, ಹೊಸ ಗಾಯಕ್ಕೆ ಅದು ತಾಗಿದರೆ ಅಲರ್ಜಿ ಹುಟ್ಟಬಹುದು. ಹುಟ್ಟಿದ ಮೇಲೆ ವಾಚಿನ ಪಟ್ಟಿ, ಬೆಲ್ಟಿನ ಬಕಲ್ ತಾಗಿದರೂ ತುರಿಕೆ. 'ಸರ್ಜಿಕಲ್ ಸ್ಟೀಲ್' ಅಂದರೆ ನಿಕಲ್ ಇಲ್ಲ ಎಂದಲ್ಲ, ಅದರಲ್ಲೂ ಇದೆ. ದೇಹದೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ ಮೊದಲ ಆಭರಣಕ್ಕೆ ಒಳ್ಳೆಯದು.

ಇನ್ನೊಂದು ವಿಷಯವನ್ನು ಮನೆಯ ಹಿರಿಯರನ್ನೇ ಕೇಳಬೇಕು. ನಮ್ಮ ಕುಟುಂಬದಲ್ಲಿ ಯಾರಿಗಾದರೂ ಗಾಯ ಮಾಯ್ದ ಮೇಲೂ ಗಂಟಿನಂತೆ ಬೆಳೆದ ಕಲೆ ಇದೆಯಾ? ಇದು ಕೀಲಾಯ್ಡ್. ಗಾಯದ ಗಡಿ ದಾಟಿಯೂ ಬೆಳೆಯುತ್ತದೆ, ಕತ್ತರಿಸಿ ತೆಗೆದರೆ ಮತ್ತೆ ದೊಡ್ಡದಾಗಿ ಬರಬಹುದು. ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ, ಮೈಬಣ್ಣ ಗಾಢವಾಗಿರುವವರಲ್ಲಿ ಇದು ಹೆಚ್ಚು. ಕಿವಿ, ಎದೆ, ಭುಜ ಇದಕ್ಕೆ ಇಷ್ಟದ ಜಾಗಗಳು. ಮನೆಯಲ್ಲಿ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಹಾಗಿದ್ದಲ್ಲಿ ಚುಚ್ಚಿಸದಿರುವುದೇ ಮೇಲು.

ಅಂಗಡಿಯ ಒಳಗೆ ಹೋದ ಮೇಲೆ ಏನು ನೋಡಬೇಕು

ಒಳ್ಳೆಯ ಕಡೆ ಮೊದಲು ಅವರೇ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ವಯಸ್ಸೆಷ್ಟು, ಅಲರ್ಜಿ ಇದೆಯಾ, ಯಾವ ಮಾತ್ರೆ ತಗೊಳ್ತಿದ್ದೀರಾ. ಕುಡಿದು ಬಂದವರನ್ನು ವಾಪಸ್ ಕಳಿಸುತ್ತಾರೆ. ಏನೂ ಕೇಳದೆ ಕುರ್ಚಿ ತೋರಿಸಿದರೆ ಎದ್ದು ಬನ್ನಿ. ಕೆಲಸ ಶುರುವಾಗುವ ಮುಂಚೆ ಅವರ ಕೈ ನೋಡಿ. ಕೈ ತೊಳೆದು ಹೊಸ ಗ್ಲೌಸ್ ಹಾಕಬೇಕು. ನಡುವೆ ಫೋನ್ ಮುಟ್ಟಿದರೆ ಗ್ಲೌಸ್ ಬದಲಾಯಿಸಬೇಕು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಮತ್ತೆ ಬಳಸುವ ಉಪಕರಣಗಳು ಆಟೋಕ್ಲೇವ್‌ನಿಂದ ಬಂದಿರಬೇಕು. ಅಲ್ಲಿ ಒತ್ತಡದ ಹಬೆ 121 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯಲ್ಲಿ ರೋಗಾಣುಗಳನ್ನು ಕೊಲ್ಲುತ್ತದೆ. ಆ ಪೊಟ್ಟಣದ ಮೇಲೆ ಬಿಸಿ ತಾಗಿದಾಗ ಬಣ್ಣ ಬದಲಾಗುವ ಒಂದು ಗುರುತಿರುತ್ತದೆ. ಅದನ್ನು ತೋರಿಸಿ ಎಂದು ಕೇಳಿ, ಸಂಕೋಚ ಬೇಡ. ಬಣ್ಣವನ್ನು ದೊಡ್ಡ ಬಾಟಲಿಯಿಂದ ಪುಟ್ಟ ಕಪ್‌ಗೆ ಬಗ್ಗಿಸಿಕೊಂಡು, ಉಳಿದದ್ದನ್ನು ಎಸೆಯಬೇಕು. ತೆಳು ಮಾಡಲು ನಲ್ಲಿ ನೀರು ಬೆರೆಸಿದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟೆಲ್ಲ ಏಕೆಂದರೆ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ, ಕನಿಷ್ಠ ಏಳು ದಿನ ಸೋಂಕು ಹರಡಬಲ್ಲದು. ಹೆಪಟೈಟಿಸ್ ಸಿ, ಎಚ್‌ಐವಿ, ಟೆಟನಸ್ ಅಪಾಯವೂ ಕೊಳಕು ಸೂಜಿಯ ಜೊತೆಗೇ ಬರುತ್ತದೆ. ಹೋಗುವ ಮುಂಚೆ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟದ ಸಮಸ್ಯೆ, ಸೋರಿಯಾಸಿಸ್ ಇದ್ದವರು, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಹಾಕಿಸಿಕೊಂಡ ಮೇಲೆ ಹಲವು ದೇಶಗಳಲ್ಲಿ ಕೆಲವು ತಿಂಗಳಿಂದ ಒಂದು ವರ್ಷದವರೆಗೆ ರಕ್ತದಾನ ಮಾಡುವಂತಿಲ್ಲ ಎನ್ನುವುದೂ ನೆನಪಿರಲಿ.

ತಂದೆ ತಾಯಿಗೆ ಒಂದು ಮಾತು

ಬ್ರಿಟನ್‌ನಲ್ಲಿ 1969ರ ಕಾನೂನಿನ ಪ್ರಕಾರ 18 ತುಂಬದವರಿಗೆ ಟ್ಯಾಟೂ ಹಾಕುವುದೇ ಅಪರಾಧ, ಪೋಷಕರು ಒಪ್ಪಿದರೂ ಸರಿಯೇ. ಬೇರೆ ಹಲವು ಕಡೆ ಪೋಷಕರ ಒಪ್ಪಿಗೆ ಇದ್ದರೆ ನಡೆಯುತ್ತದೆ. ನಿಮ್ಮಲ್ಲಿ ನಿಯಮ ಏನೇ ಇರಲಿ, ನಿಯಮದಿಂದ ಆಸೆ ಹೋಗುವುದಿಲ್ಲ. ಬಾಗಿಲು ಪೂರ್ತಿ ಮುಚ್ಚಿದರೆ ಮಕ್ಕಳು ಹುಡುಕುವ ದಾರಿ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಗೆಳತಿಯ ಕೋಣೆಯಲ್ಲಿ ಹೊಲಿಗೆ ಸೂಜಿ, ಪೆನ್ನಿನ ಇಂಕು, ಆನ್‌ಲೈನ್‌ನಲ್ಲಿ ತರಿಸಿದ ಕಿಟ್. ಮೇಲೆ ಹೇಳಿದ ಒಂದೇ ಒಂದು ಎಚ್ಚರಿಕೆಯೂ ಅಲ್ಲಿ ಇರುವುದಿಲ್ಲ. ಕೀವಾದರೂ ಬೈಗುಳಕ್ಕೆ ಹೆದರಿ ಕೂದಲು ಇಳಿಬಿಟ್ಟು ಮುಚ್ಚಿಕೊಳ್ಳುತ್ತಾರೆ.

ಅದಕ್ಕೇ 'ಇಲ್ಲ' ಎನ್ನುವುದಕ್ಕಿಂತ 'ಈಗ ಇದು ಸರಿ, ಅದಕ್ಕೆ ಕಾಯಬೇಕು' ಎನ್ನುವುದು ಒಳ್ಳೆಯದು. ಹಾಲೆಗೆ ಇನ್ನೊಂದು ತೂತು ಬೇಕೆಂದರೆ ಜೊತೆಗೇ ಹೋಗಿ ಚುಚ್ಚಿಸಿ. ಮೃದ್ವಸ್ಥಿಗೆ, ಹೊಕ್ಕುಳಿಗೆ ಬೇಕೆಂದರೆ, ಒಂದು ವರ್ಷ ಆರೈಕೆ ಮಾಡುವ ತಾಳ್ಮೆ ಇದೆಯಾ ಎಂದು ಕೂತು ಮಾತಾಡಿ. ಟ್ಯಾಟೂವನ್ನು 18 ಆಗುವ ತನಕ ಮುಂದೂಡಿ, ಆದರೆ ಚಿತ್ರ ಬರೆಸಿಡಲು ಇವತ್ತೇ ಒಪ್ಪಿಗೆ ಕೊಡಿ. ಯಾಕೆ ಬೇಕು ಎಂದು ಒಮ್ಮೆ ನಿಜವಾಗಿ ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರಿ. ತೀರಿಕೊಂಡ ಅಜ್ಜಿಯ ನೆನಪಿಗೆ ಎಂದು ಕೇಳುವ ಮಗುವಿಗೂ, ತರಗತಿಯಲ್ಲಿ ಎಲ್ಲರೂ ಹಾಕಿಸಿದ್ದಾರೆ ಎಂದು ಕೇಳುವ ಮಗುವಿಗೂ ಬೇಕಾದ ಮಾತು ಒಂದೇ ಅಲ್ಲ.

ಆಗಲೇ ಹಾಕಿಸಿಯಾಗಿದ್ದರೆ

ಮೊದಲ ಒಂದೆರಡು ದಿನ ಕೆಂಪಾಗುವುದು, ಸ್ವಲ್ಪ ಊದುವುದು, ತಿಳಿ ನೀರಿನಂಥ ದ್ರವ ಒಸರುವುದು ಸಹಜ. ಪಿಯರ್ಸಿಂಗ್‌ಗೆ ಔಷಧದ ಅಂಗಡಿಯಲ್ಲಿ ಸಿಗುವ ಸಲೈನ್ ದ್ರಾವಣ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಹೊಸದಾಗಿ ಬೆಳೆಯುವ ಚರ್ಮ ಸಾಯುತ್ತದೆ. ಆಭರಣವನ್ನು ತಿರುಗಿಸುತ್ತಾ ಇರಬೇಡಿ, ಒಳಗಿನ ಗಾಯ ಮತ್ತೆ ಕೀಳುತ್ತದೆ. ಟ್ಯಾಟೂ ಮೇಲಿನ ಹಕ್ಕಳೆ ಕೀಳಬೇಡಿ, ಬಣ್ಣವೂ ಅದರ ಜೊತೆ ಬರುತ್ತದೆ. ಮಾಯುವ ತನಕ ನೇರ ಬಿಸಿಲು, ಕೆರೆ, ಈಜುಕೊಳ ಬೇಡ.

ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚಾಗುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಹಳದಿ ಹಸಿರು ಕೀವು ಬಂದರೆ, ಕೆಂಪು ಗೆರೆಗಳು ಹರಡಿದರೆ, ಜ್ವರ ಬಂದರೆ ಅವತ್ತೇ ವೈದ್ಯರನ್ನು ನೋಡಿ. ಕೀವಾಗಿದೆ ಎಂದು ಗಾಬರಿಯಲ್ಲಿ ಆಭರಣ ಕಿತ್ತು ಹಾಕಬೇಡಿ. ತೂತು ಹೊರಗಿನಿಂದ ಮುಚ್ಚಿಕೊಂಡು ಕೀವು ಒಳಗೇ ಸಿಕ್ಕಿಕೊಳ್ಳಬಹುದು. ತೆಗೆಯಬೇಕಾ ಬೇಡವಾ ಎಂದು ವೈದ್ಯರೇ ಹೇಳಲಿ. ಎಲ್ಲಿ ಚುಚ್ಚಿಸಿದ್ದು, ಯಾವಾಗ, ಯಾವುದರಿಂದ ಎನ್ನುವುದನ್ನು ಅವರಿಗೆ ಇದ್ದ ಹಾಗೇ ಹೇಳಿ. ಚರ್ಮದ ಸಾಮಾನ್ಯ ಸೋಂಕಿಗೆ ಕೊಡುವ ಹಲವು ಆಂಟಿಬಯಾಟಿಕ್‌ಗಳು ಕಿವಿಯ ಮೃದ್ವಸ್ಥಿಯಲ್ಲಿ ಬೆಳೆಯುವ ಸೂಡೋಮೊನಾಸ್‌ಗೆ ನಾಟುವುದಿಲ್ಲ, ಅದಕ್ಕೆ ಬೇರೆಯೇ ಔಷಧ ಬೇಕು.